ನಾಲ್ಕನೇ ಬ್ಯಾಚಿನ ಇಲಿಗಳು

ಹತ್ತೊಂಬತ್ತು ವರ್ಷದಲ್ಲಿ ನೆಲ್ಲಿ ಲೋಬೊಳ ಕೈಯಲ್ಲಿ ಒಂದೇ ಒಂದು ಇಲಿ ಗುರುತು ತಪ್ಪಿದ್ದಿಲ್ಲ. ಇದನ್ನು ಅವಳೇ ಹೇಳಿಕೊಳ್ಳುತ್ತಿದ್ದಳು: ಮನೆ ಬಾಗಿಲಿಗೆ ಬರುವ ಮೀನಿನವಳ ಹತ್ತಿರ, ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರ, ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಸಿಕ್ಕಿದವರ ಹತ್ತಿರ. ಕೇಳಿದವರಿಗೆ ನಗು. ಇಲಿ ಎಂದರೆ ಬೋನಿಟ್ಟು ಹಿಡಿಯುವುದು ಎಂದಷ್ಟೇ ಗೊತ್ತಿದ್ದ ಜನ. ಇಲಿಗೆ ಹಾಸು ಬದಲಿಸಿ, ಶುದ್ಧ ಮಾಡಿದ ನೀರಿಟ್ಟು, ಕೂಸಿಗೆ ನೋಡಿದ ಹಾಗೆ ತೂಕ ನೋಡಿ ಸಾಕುವ ಕೆಲಸವೂ ಉಂಟು, ಅದಕ್ಕೆ ಸಂಬಳವೂ ಉಂಟು ಎಂದರೆ ಅವರು ನಂಬುವುದು ಹೇಗೆ? ನಗಲಿ ಬಿಡಿ. ಅದರಿಂದ ನೆಲ್ಲಿಗೆ ಬೇಜಾರಿರಲಿಲ್ಲ. ಅವಳಿಗೆ ಮೈ ಉರಿಯುತ್ತಿದ್ದದ್ದು ಒಂದೇ ಮಾತಿಗೆ. ಪ್ರಯೋಗದಲ್ಲಿ ಏನಾದರೂ ಎಡವಟ್ಟಾಗಿ, ಯಾರಾದರೂ ಹುಡುಗರು ಬಂದು ಕೇಜು ಬೆರಕೆ ಆಗಿರಬಹುದಾ ಆಂಟಿ ಎಂದು ಕೇಳಿದರೆ, ಆ ದಿನ ಅವರ ಗ್ರಹಚಾರ ಬಿಡಿಸಿಯೇ ಕಳಿಸುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಪಂಪ್‌ವೆಲ್‌ನಲ್ಲಿ ಬಸ್ಸು ಬದಲಿಸಿ ಹೋಗಬೇಕಾದ ಒಂದು ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿ. ಅದರ ಹೆಸರು ಬೇಡ. ಎದುರಿಗೆ ಗಾಜಿನ ಕಟ್ಟಡ, ಅದರ ಬೆನ್ನಿಗೆ ಕಿಟಕಿಯೇ ಇಲ್ಲದ ಅನಿಮಲ್ ಹೌಸ್. ನೆಲ್ಲಿ ಅಲ್ಲಿ ಅಟೆಂಡರು, ವರ್ಷ ವರ್ಷ ಹೊಸ ಮಾಡುವ ಗುತ್ತಿಗೆಯ ಮೇಲೆ. ಕೆಲಸದ ದಿನ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಪೌಡರು ಹಾಕುತ್ತಿರಲಿಲ್ಲ, ಮಲ್ಲಿಗೆಯಂತೂ ಮುಡಿಯುತ್ತಲೇ ಇರಲಿಲ್ಲ. ಆ ವಾಸನೆಗೆ ಇಲಿಗಳು ಕಂಗಾಲಾಗುತ್ತವೆ. ಒಂದು ರ‍್ಯಾಕಿನ ಕೆಲಸ ಮುಗಿಸಿ ಗ್ಲೌಸು ಬದಲಿಸದೆ ಇನ್ನೊಂದು ರ‍್ಯಾಕು ಮುಟ್ಟಿದವಳಲ್ಲ. ಒಂದು ಕೇಜಿನ ನೀರಿನ ಬಾಟಲಿ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಮರಿಗಳಿಗೆ ಮೂರು ವಾರ ತುಂಬಿದಾಗ ಕಿವಿಗೆ ಸಣ್ಣ ತೂತು ಹಾಕಿ, ತಾಯಿ ಯಾರು, ತಂದೆ ಯಾರು, ಹುಟ್ಟಿದ ತಾರೀಕು ಎಷ್ಟು ಎಂದು ಕೇಜಿನ ಕಾರ್ಡಿನಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದಳು. ಓದಿದ್ದು ಎಂಟನೇ ಕ್ಲಾಸು. ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಸಂಸ್ಥೆಯವರು ಎರಡು ಸಲ ಹೇಳಿ ಸೋತಿದ್ದರು.

ಜೆಪ್ಪುವಿನ ಮನೆಯಲ್ಲಿ ಗಂಡ ಪಿಯುಸ್. ಇಪ್ಪತ್ತೆರಡು ವರ್ಷ ಬಹ್ರೇನ್‌ನಲ್ಲಿ ಎಸಿ ರಿಪೇರಿ ಮಾಡಿ ಬಂದವ, ಈಗ ಮೊಣಕಾಲು ನೀವಿಕೊಂಡು ಜಗಲಿಯಲ್ಲಿ ಕೂರುವವ. ಮಗಳು ಎಲೇನ್ ಮಸ್ಕತ್‌ನಲ್ಲಿ ನರ್ಸು. ಊಟಕ್ಕೆ ತತ್ವಾರವಿರಲಿಲ್ಲ. ನೀನು ಬಿಟ್ಟರೆ ಇಲಿಗಳಿಗೆ ಬೇರೆ ಆಯಾ ಸಿಗುವುದಿಲ್ಲವಾ ಎಂದು ಪಿಯುಸ್ ಆಗಾಗ ಚುಚ್ಚುತ್ತಿದ್ದ. ನೆಲ್ಲಿ ಬಿಡುವ ಪೈಕಿ ಅಲ್ಲ. ಆ ಕಟ್ಟಡದಲ್ಲಿ ಹದಿನಾಲ್ಕು ಜನ ಡಾಕ್ಟರೇಟ್ ಆದವರಿದ್ದರು. ಆ ಹದಿನಾಲ್ಕು ಜನವೂ ತಮ್ಮ ಇಲಿಗಳನ್ನು ಅವಳ ಕೈಗೆ ಒಪ್ಪಿಸಿ ನಿಶ್ಚಿಂತೆಯಾಗಿ ಮನೆಗೆ ಹೋಗುತ್ತಿದ್ದರು. ಎಂಟನೇ ಕ್ಲಾಸಿನ ಹೆಂಗಸಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಯಾರು ಕೊಡುತ್ತಾರೆ?

ಚೈತಾಲಿ ಅಲ್ಲಿಗೆ ಪಿಎಚ್‌ಡಿ ಮಾಡಲಿಕ್ಕೆ ಬಂದದ್ದು ಐದು ವರ್ಷದ ಹಿಂದೆ. ಬಜಪೆಯಲ್ಲಿ ಹೋಟೆಲು ಇಟ್ಟವರ ಮಗಳು, ತುಳು ಮಾತಾಡುವವಳು. ಮೊದಲ ದಿನ ಇಲಿಯನ್ನು ಬಾಲದ ಬುಡದಲ್ಲಿ ಹಿಡಿಯಲಿಕ್ಕೆ ಹೆದರಿ ಮೂಲೆಯಲ್ಲಿ ನಿಂತಿದ್ದಳು. ನೆಲ್ಲಿ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಹಿಡಿಸಿದಳು. ಹಿಡಿಯುವುದು ಬಂದ ಮೇಲೆ ಹುಡುಗಿ ಸಲೀಸಾದಳು, ಮಧ್ಯಾಹ್ನ ಬುತ್ತಿ ತೆಗೆದುಕೊಂಡು ನೆಲ್ಲಿಯ ಪಕ್ಕವೇ ಬಂದು ಕೂರತೊಡಗಿದಳು. ಕ್ರಿಸ್ಮಸ್ಸಿಗೆ ಜೆಪ್ಪುವಿನ ಮನೆಗೆ ಬಂದು ಕುಸ್ವಾರಿನ ಸಿಹಿತಿಂಡಿ ತಿಂದು, ಒಂದು ಡಬ್ಬಿ ಕಟ್ಟಿಸಿಕೊಂಡೂ ಹೋದಳು. ಪಿಯುಸ್ ಮೊಣಕಾಲಿನ ನೋವಿಗೆ ಮಾತ್ರೆ ನುಂಗಿ ನುಂಗಿ, ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡು, ಒಂದು ಬೆಳಿಗ್ಗೆ ರಕ್ತ ಕಾರಿಕೊಂಡಾಗ, ಕಾರು ತಂದು ಆಸ್ಪತ್ರೆಗೆ ಹಾಕಿದವಳೂ ಅವಳೇ. ಪಿಯುಸ್‌ನದ್ದು ಸುಲಭಕ್ಕೆ ಸಿಗದ ಗುಂಪಿನ ರಕ್ತ. ಚೈತಾಲಿಯದ್ದೂ ಅದೇ ಗುಂಪು. ಮಲಗಿ ಒಂದು ಬಾಟಲಿ ಕೊಟ್ಟು ಎದ್ದು ಬಂದಳು. ಇದನ್ನು ನೆಲ್ಲಿ ಮರೆಯುವವಳಲ್ಲ, ಮರೆಯಲೂ ಇಲ್ಲ. ಆಮೇಲೆ ಅನುಭವಿಸಿದ್ದಕ್ಕೆಲ್ಲ ಈ ಮರೆಯದ ಬುದ್ಧಿಯೇ ಕಾರಣ ಎಂದರೂ ಸರಿಯೇ.

ತಾನು ಮಾಡುವ ಕೆಲಸ ಎಂತದೆಂದು ನೆಲ್ಲಿಗೆ ಬಿಡಿಸಿ ಹೇಳಿದವಳು ಆ ಕಟ್ಟಡದಲ್ಲಿ ಚೈತಾಲಿಯೊಬ್ಬಳೇ. ಕರುಳಿನ ಒಳಗೋಡೆ ಎಂದರೆ ಒಂದೇ ಸಾಲು ಜೀವಕೋಶ, ಅದರ ಮೇಲೆ ತೆಳ್ಳಗೆ ಲೋಳೆ, ಅಷ್ಟೇ ಎಂದು ಅವಳು ಬುತ್ತಿಯ ಮುಚ್ಚಳದ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸಿದ್ದಳು. ಆಚೆ ಬದಿಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ, ಈಚೆ ಬದಿಗೆ ನಮ್ಮ ರಕ್ತ. ಆ ಗೋಡೆಯ ಕೋಶಗಳಲ್ಲಿ ರಿಸೆಪ್ಟರ್ ಎಂಬುದುಂಟು. ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ಗುರುತುಗಳನ್ನು ಅದು ಮುಟ್ಟಿ ತಿಳಿಯುತ್ತದೆ. ಲಸಿಕೆ ಹಾಕಿ ಕಲಿಸಿದ್ದಲ್ಲ, ಒಮ್ಮೆ ರೋಗ ಬಂದು ಕಲಿತದ್ದೂ ಅಲ್ಲ, ಹುಟ್ಟುವಾಗಲೇ ತಂದ ತಿಳಿವಳಿಕೆ. ಹೊರಗಿರುವವರ ಸುಳಿವು ಹಿಡಿಯುತ್ತಾ, ಇಲ್ಲಿ ಲೋಳೆ ಹೆಚ್ಚು ಬೇಕು, ಅಲ್ಲಿ ಗೋಡೆ ಕಿತ್ತಿದೆ, ಹೊಸ ಕೋಶ ಹುಟ್ಟಲಿ ಎಂದು ಅದು ದಿನವಿಡೀ ಹೇಳಿ ಕಳಿಸುತ್ತಿರುತ್ತದೆ. ಹಾಗಾದರೆ ಹೊರಗಿನವರೆಲ್ಲ ಶತ್ರುಗಳಲ್ಲವಾ ಎಂದು ನೆಲ್ಲಿ ಕೇಳಿದ್ದಳು. ಹೆಚ್ಚಿನವರು ಬಾಡಿಗೆಗೆ ಇರುವವರು ಆಂಟಿ, ಅವರು ಅಲ್ಲಿದ್ದಾರೆಂದು ಗೊತ್ತಾಗುವುದರಿಂದಲೇ ಗೋಡೆಯ ರಿಪೇರಿ ಸರಿಯಾಗಿ ನಡೆಯುತ್ತದೆ ಎಂದಳು ಚೈತಾಲಿ. ಆ ಮಾತು ನೆಲ್ಲಿಗೆ ಬಹಳ ಹಿಡಿಸಿತು. ಮನೆಗೆ ಹೋಗಿ ಪಿಯುಸ್‌ಗೂ ಹೇಳಿದಳು.

ಚೈತಾಲಿಯ ಗೈಡು ಡಾಕ್ಟರ್ ತಾರಾನಾಥ. ಅಂಥ ರಿಸೆಪ್ಟರುಗಳು ಹತ್ತಾರು ಉಂಟು, ಅವುಗಳಲ್ಲಿ ಒಂದನ್ನು ಹಿಡಿದು ಇವರಿಬ್ಬರೂ ಹೆಣಗುತ್ತಿದ್ದರು. ಆ ಒಂದು ರಿಸೆಪ್ಟರ್ ಹುಟ್ಟಿನಿಂದಲೇ ಇಲ್ಲದ ಹಾಗೆ ಮಾಡಿದ ಇಲಿಗಳನ್ನು ಹೈದರಾಬಾದಿನಿಂದ ತರಿಸಿದ್ದರು. ಸಂಸ್ಥೆಯಲ್ಲಿ ಮೊದಲೇ ಇದ್ದ ಸಾಧಾರಣ ಇಲಿಗಳೂ ಕಪ್ಪು, ಬಂದವೂ ಕಪ್ಪು. ನೆಲ್ಲಿ ಅವುಗಳನ್ನು ಇದ್ದವು, ಇಲ್ಲದವು ಎಂದು ಕರೆಯುತ್ತಿದ್ದಳು. ಇದ್ದವಕ್ಕೆ ಎಡಗಿವಿಗೆ ತೂತು, ಇಲ್ಲದವಕ್ಕೆ ಬಲಗಿವಿಗೆ. ಎರಡಕ್ಕೂ ಬೇರೆ ಕೋಣೆ, ಬೇರೆ ರ‍್ಯಾಕು. ಪ್ರಯೋಗ ಎಂದರೆ ಕುಡಿಯುವ ನೀರಿಗೆ ಒಂದು ಬಿಳಿ ಪುಡಿ ಬೆರೆಸಿ ಏಳು ದಿನ ಕೊಡುವುದು. ಅದು ಕರುಳಿನ ಒಳಗೋಡೆಯನ್ನು ಕಿತ್ತುಹಾಕುತ್ತದೆ. ಇಲಿಗಳು ರಕ್ತ ಭೇದಿ ಮಾಡಿಕೊಳ್ಳುತ್ತವೆ, ಕುಗ್ಗುತ್ತವೆ. ಆಮೇಲೆ ಒಳ್ಳೆಯ ನೀರು ಕೊಟ್ಟು, ಯಾವುದು ಚೇತರಿಸಿಕೊಳ್ಳುತ್ತದೆ ಎಂದು ನೋಡುವುದು.

ಮೊದಲ ಮೂರು ಬ್ಯಾಚಿನಲ್ಲಿ ಇದ್ದವು ಎದ್ದು ಕೂತವು, ಇಲ್ಲದವು ಸತ್ತವು. ನೆಲ್ಲಿಗೆ ಸಂಕಟ. ದಿನಾ ತೂಕ ನೋಡುವವಳು ಅವಳೇ ಅಲ್ಲವಾ? ಕೈಯಲ್ಲಿ ಹಿಡಿದರೆ ಬೆನ್ನುಮೂಳೆ ಚುಚ್ಚುತ್ತಿತ್ತು. ಅತ್ತ ತಾರಾನಾಥರಿಗೆ ಹಬ್ಬ. ಒಂದು ರಿಸೆಪ್ಟರ್ ತೆಗೆದರೆ ಕರುಳು ಕಾಯುವವರೇ ಇಲ್ಲ ಎಂದು ತೋರಿಸಿದ ಹಾಗಾಯಿತಲ್ಲ. ದೊಡ್ಡ ಜರ್ನಲ್ಲಿಗೆ ಕಳಿಸುವ, ಇನ್ನೊಂದು ಬ್ಯಾಚು ಮಾಡಿ ಮುಗಿಸು ಎಂದು ಚೈತಾಲಿಗೆ ಹೇಳಿದರು.

ನಾಲ್ಕನೇ ಬ್ಯಾಚಿಗೆ ಮರಿಗಳನ್ನು ತಾಯಿಯಿಂದ ಬಿಡಿಸುವ ವಾರ, ಏಪ್ರಿಲ್‌ನ ಸೆಕೆಯಲ್ಲಿ, ಇಲ್ಲದವುಗಳ ಕೋಣೆಯ ಎಸಿ ಕೈಕೊಟ್ಟಿತು. ಅಂಥ ಹೊತ್ತಿಗೆ ಕೇಜುಗಳನ್ನು ಪಕ್ಕದ ಕೋಣೆಗೆ ಸಾಗಿಸಬೇಕು ಎಂದು ನಿಯಮ. ಇದ್ದವುಗಳ ಕೋಣೆಗೆ ಸಾಗಿಸಿದ್ದಾಯಿತು. ಹೊಸದಾಗಿ ಬಿಡಿಸಿದ್ದು ಇಪ್ಪತ್ತನಾಲ್ಕು ಹೆಣ್ಣು ಮರಿಗಳು, ಒಂದೊಂದು ತಾಯಿಯದ್ದು ಎರಡೆರಡು. ಒಂದೇ ತಳಿಯ ಎರಡು ತಾಯಿಯರ ಮರಿ ಬೆರೆತರೆ ಕಿವಿ ನೋಡಿ ತಾಯಿ ಯಾರೆಂದು ತಿಳಿಯುವುದಿಲ್ಲ, ಬೇರೆ ಬೇರೆ ಹಾಕಲು ಹನ್ನೆರಡು ಕೇಜಿಗೆ ರ‍್ಯಾಕಿನಲ್ಲಿ ಜಾಗವಿಲ್ಲ. ನೆಲ್ಲಿ ಚೈತಾಲಿಗೆ ಫೋನು ಮಾಡಿದಳು. ಅವಳು ಬಜಪೆಯಲ್ಲಿ ಚಿಕ್ಕಪ್ಪನ ಮಗಳ ಮದುವೆಯಲ್ಲಿದ್ದಳು, ಹಿಂದಿನಿಂದ ವಾದ್ಯದ ಗಲಾಟೆ ಕೇಳುತ್ತಿತ್ತು. ಇದ್ದವು ಎರಡು, ಇಲ್ಲದವು ಎರಡು ಸೇರಿಸಿ ಒಂದೊಂದು ಕೇಜಿಗೆ ಹಾಕಿದರೆ ಆರೇ ಕೇಜು ಸಾಕು, ಆದರೆ ಹಾಗೆ ಹಾಕಬಹುದಾ ಎಂದು ನೆಲ್ಲಿ ಎರಡೆರಡು ಸಲ ಕೇಳಿದಳು.

"ಹಾಕಿ ಆಂಟಿ. ಹೆಣ್ಣುಗಳು ಜಗಳ ಮಾಡುವುದಿಲ್ಲ. ಕಿವಿಯಲ್ಲಿ ಗುರುತು ಉಂಟಲ್ವಾ, ಮತ್ತೆ ಎಂತ ತೊಂದರೆ?"

ನೆಲ್ಲಿ ಹಾಕಿದಳು. ಆರೂ ಕಾರ್ಡಿನಲ್ಲಿ ತಾರೀಕು ಬರೆದು, ಎರಡೂ ತಳಿ ಒಟ್ಟಿಗೆ, ಚೈತಾಲಿಯವರು ಹೇಳಿದಂತೆ, ಎಂದು ಬರೆದಳು. ಎಸಿ ರಿಪೇರಿಯವನು ಇವತ್ತು ನಾಳೆ ಎಂದು ಐದು ವಾರ ತಳ್ಳಿದ. ಪಿಯುಸ್ ಕೇಳಿ, ಅದು ಅರ್ಧ ದಿನದ ಕೆಲಸ, ನನ್ನನ್ನು ಕರೆದಿದ್ದರೆ ಆಗುತ್ತಿರಲಿಲ್ಲವಾ ಎಂದು ಬೈದ. ಐದು ವಾರ ಮರಿಗಳು ಒಟ್ಟಿಗೆ ಉಂಡು, ಒಂದರ ಮೈಮೇಲೊಂದು ಮಲಗಿ ಬೆಳೆದವು.

ಪುಡಿಯ ನೀರು ಕೊಟ್ಟ ಮೇಲೆ ಇಪ್ಪತ್ತನಾಲ್ಕಕ್ಕೂ ಒಂದೇ ಗತಿ. ಎಲ್ಲವೂ ಕುಗ್ಗಿದವು, ಎಲ್ಲವೂ ಎರಡನೇ ವಾರದಲ್ಲಿ ಚೇತರಿಸಿಕೊಂಡವು. ಇಲ್ಲದವುಗಳಲ್ಲಿ ಒಂದೂ ಸಾಯಲಿಲ್ಲ. ನೆಲ್ಲಿಗೆ ಒಳಗೊಳಗೇ ಖುಷಿ, ಚೈತಾಲಿಯ ಮುಖ ನೋಡಿದರೆ ಸುಟ್ಟ ಬದನೆಕಾಯಿ. ಲೆಕ್ಕ ತಪ್ಪಿರಬೇಕೆಂದು ಅವಳು ಎಲ್ಲವನ್ನೂ ಮತ್ತೆ ತೂಗಿದಳು, ಕಿವಿಯ ತೂತು ಒಂದೊಂದಾಗಿ ನೋಡಿದಳು, ಬಾಲದ ತುದಿಯಿಂದ ಚೂರು ತೆಗೆದು ಜೀನು ಕೂಡ ಪರೀಕ್ಷೆ ಮಾಡಿಸಿದಳು. ಗುರುತು ಒಂದೂ ತಪ್ಪಿರಲಿಲ್ಲ. ಬಲಗಿವಿಯವು ಬಲಗಿವಿಯವೇ, ಎಡಗಿವಿಯವು ಎಡಗಿವಿಯವೇ. ತಪ್ಪುತ್ತದಾ? ಹಾಕಿದ ಕೈ ಯಾರದ್ದು?

ಹಿಕ್ಕೆಯ ವಿಷಯ ನೆಲ್ಲಿ ಹೇಳಿದ್ದು ಆಗ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಹೈದರಾಬಾದಿನಿಂದ ಬಂದವುಗಳ ಹಿಕ್ಕೆ ಮೊದಲಿನಿಂದಲೂ ಬೇರೆ ಥರ. ಸ್ವಲ್ಪ ಮೆತ್ತಗೆ, ಬಣ್ಣ ಪೇಲವ, ಹಾಸಿಗೆ ಅಂಟಿಕೊಳ್ಳುತ್ತದೆ, ವಾಸನೆಯೂ ಬೇರೆ. ದಿನಾ ಹಾಸು ಬದಲಿಸುವವಳಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಒಟ್ಟಿಗೆ ಹಾಕಿದ ಎರಡೇ ವಾರದಲ್ಲಿ ಎಲ್ಲವುಗಳದ್ದೂ ಒಂದೇ ಥರ ಆಗಿತ್ತು, ಗಟ್ಟಿ, ಕಪ್ಪು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಯಾರೂ ಯೋಚನೆ ಮಾಡದ ವಿಷಯ.

"ನೀನೇ ಹೇಳಿದ್ದಲ್ವಾ, ಬಾಡಿಗೆಗೆ ಇರುವವರು ಅಂತ," ಎಂದಳು ನೆಲ್ಲಿ. "ಮೊದಲು ಇವುಗಳ ಹೊಟ್ಟೆಯಲ್ಲಿದ್ದ ಬಾಡಿಗೆಯವರೇ ಬೇರೆ. ಈಗ ಎಲ್ಲವಕ್ಕೂ ಒಂದೇ ಬಾಡಿಗೆಯವರು. ಸತ್ತದ್ದು ನಿನ್ನ ರಿಸೆಪ್ಟರ್ ಇಲ್ಲದ್ದಕ್ಕೆ ಮಾತ್ರ ಅಲ್ಲ ಮಾರಾಯ್ತಿ."

ಚೈತಾಲಿ ಎದ್ದು ಬಂದು ತಬ್ಬಿಕೊಂಡಳು. ಒಂದು ರಿಸೆಪ್ಟರ್ ಇಲ್ಲದಿದ್ದರೂ ಉಳಿದವು ಗೋಡೆ ಕಾಯುತ್ತವೆ, ಹೊಟ್ಟೆಯಲ್ಲಿ ಕೆಟ್ಟ ಬಾಡಿಗೆಯವರೂ ಇದ್ದರೆ ಮಾತ್ರ ಆ ಒಂದರ ಕೊರತೆ ಕೊಲ್ಲುತ್ತದೆ, ಹೀಗೆ ಇರಬೇಕು, ಇದು ನಾವು ಬರೆಯುತ್ತಿರುವುದಕ್ಕಿಂತ ದೊಡ್ಡ ವಿಷಯ ಆಂಟಿ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಸರಿಯಾಗಿ ತೋರಿಸಲು ಇನ್ನೆರಡು ವರ್ಷ ಬೇಕಾದೀತು ಎಂದೂ ಹೇಳಿದಳು. ಆ ದಿನ ಬಸ್ಸಿನಲ್ಲಿ ನೆಲ್ಲಿಗೆ ನೆಲದ ಮೇಲೆ ಕಾಲಿರಲಿಲ್ಲ. ಕಂಡಕ್ಟರ್ ಚಿಲ್ಲರೆ ಕೊಡದೆ ಹೋದರೂ ಕೇಳಲಿಲ್ಲ.

ಎರಡು ವರ್ಷ ಎಂಬ ಮಾತು ಕೇಳಿ ತಾರಾನಾಥರು ಸಿಟ್ಟಾಗಲಿಲ್ಲ, ಅವರು ಸಿಟ್ಟಾಗುವವರೇ ಅಲ್ಲ. ನಾಲ್ಕನೇ ಬ್ಯಾಚು ನಿಯಮದ ಪ್ರಕಾರ ಆದದ್ದಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ಮೆತ್ತಗೆ ಹೇಳಿ ಮುಗಿಸಿದರು. ಮೂರು ಬ್ಯಾಚಿನ ಪೇಪರು ಹೋಯಿತು. ಎಂಟು ತಿಂಗಳ ನಂತರ ಜರ್ನಲ್ಲಿನ ಪರೀಕ್ಷಕರು ಒಂದು ಪ್ರಶ್ನೆ ಹಾಕಿದರು. ಮಾಡಿದ ಬ್ಯಾಚುಗಳು ಒಟ್ಟು ಎಷ್ಟು, ಬಿಟ್ಟದ್ದೇನಾದರೂ ಇದ್ದರೆ ಯಾಕೆ ಬಿಟ್ಟದ್ದು? ಅಷ್ಟರಲ್ಲಿ ಚೈತಾಲಿಯ ಫೆಲೋಶಿಪ್ ಮುಗಿದಿತ್ತು, ಮನೆಯಲ್ಲಿ ಮದುವೆ ಮದುವೆ ಎಂದು ಜೀವ ತಿನ್ನುತ್ತಿದ್ದರು, ಪುಣೆಯಲ್ಲಿ ಒಂದು ಕೆಲಸ ಆಗುವುದರಲ್ಲಿತ್ತು. ಪೇಪರು ಬಂದರೆ ಡಿಗ್ರಿ, ಡಿಗ್ರಿ ಬಂದರೆ ಪುಣೆ.

ಅವಳು ಜೆಪ್ಪುವಿನ ಮನೆಗೇ ಬಂದಳು, ಒಂದು ಶನಿವಾರ ಸಂಜೆ, ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ನೆಲ್ಲಿ ಕನ್ನಡಕ ಹಾಕಿ ಓದಿದಳು. ನಾಲ್ಕನೇ ಬ್ಯಾಚಿನ ಇಲಿಗಳನ್ನು ಕೇಜಿಗೆ ಹಾಕುವಾಗ ನನ್ನ ಅಜಾಗರೂಕತೆಯಿಂದ ಎರಡೂ ತಳಿಗಳು ಬೆರೆತು, ಯಾವುದು ಯಾವ ತಳಿಯದೆಂಬ ಗುರುತು ತಪ್ಪಿರುತ್ತದೆ. ಇಂತು, ನೆಲ್ಲಿ ಲೋಬೊ, ಅನಿಮಲ್ ಹೌಸ್ ಅಟೆಂಡರ್.

ಓದಿ ಮುಗಿಸಿ ಇನ್ನೊಮ್ಮೆ ಓದಿದಳು. ನಾನು ಫೋನು ಮಾಡಿ ಕೇಳಿದ್ದೇನಲ್ಲ ಎಂದಳು. ಹೌದು ಎಂದಳು ಚೈತಾಲಿ. ಕಿವಿಯ ಗುರುತು ನೀನೇ ನೋಡಿದ್ದೀಯಲ್ಲ ಎಂದಳು. ಅದಕ್ಕೂ ಹೌದು ಎಂದಳು. ಕಾರ್ಡು ಉಂಟಲ್ಲ ಎಂದದ್ದಕ್ಕೆ ಮಾತ್ರ ಹುಡುಗಿ ತಲೆ ಎತ್ತಲಿಲ್ಲ. ಕಾರ್ಡುಗಳು ಸರ್ ಹತ್ತಿರ ಉಂಟು ಎಂದಳು, ಆಮೇಲೆ, ಇತ್ತು ಎಂದು ತಿದ್ದಿಕೊಂಡಳು.

"ಇದು ಫೈಲಿಗೆ ಮಾತ್ರ ಆಂಟಿ. ನಿಮ್ಮ ಕೆಲಸಕ್ಕೆ ಎಂತದೂ ಆಗುವುದಿಲ್ಲ, ಸರ್ ನನಗೆ ಮಾತು ಕೊಟ್ಟಿದ್ದಾರೆ. ಇಲ್ಲದಿದ್ದರೆ ನನ್ನ ಐದು ವರ್ಷ ಹೋಗ್ತದೆ."

ರಕ್ತ ಕೊಟ್ಟ ಮಾತನ್ನು ಅವಳು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ಆ ರಕ್ತ ಸೇರಿದವನು ಜಗಲಿಯಲ್ಲೇ ಕೂತಿದ್ದ. ಪಿಯುಸ್ ಎಲ್ಲ ಕೇಳಿಸಿಕೊಂಡಿದ್ದ. ಕೊಂಕಣಿಯಲ್ಲಿ, ಹುಡುಗಿಗೆ ಅರ್ಥವಾಗದಿರಲೆಂದು, ಸಹಿ ಹಾಕಬೇಡ ನೆಲ್ಲಿ, ನನಗೆ ರಕ್ತ ಕೊಟ್ಟದ್ದಕ್ಕೆ ನಾನು ಬೇರೆ ಯಾವ ರೀತಿಯಲ್ಲಾದರೂ ತೀರಿಸುತ್ತೇನೆ, ನಿನ್ನ ಹೆಸರು ಕೊಟ್ಟು ತೀರಿಸುವುದು ಬೇಡ ಎಂದ. ಬದುಕಿಡೀ ತಮಾಷೆ ಮಾಡಿದವ ಅವತ್ತು ಒಂದು ಸರಿಯಾದ ಮಾತು ಹೇಳಿದ, ಅವತ್ತೇ ನೆಲ್ಲಿ ಅವನ ಮಾತು ಕೇಳಲಿಲ್ಲ. ಎದುರಿಗೆ ಆ ಹುಡುಗಿ ಮೊದಲ ದಿನದ ಹಾಗೆ ಗೋಡೆಗೆ ಒರಗಿ ನಿಂತಿದ್ದಳು. ನೆಲ್ಲಿ ಸಹಿ ಹಾಕಿದಳು, ದುಂಡಗಿನ ಕನ್ನಡ ಅಕ್ಷರದಲ್ಲಿ. ಚಾ ಮಾಡುತ್ತೇನೆ ಕೂರು ಎಂದಳು. ಚೈತಾಲಿ ಕೂರಲಿಲ್ಲ, ಸರ್ ಕಾಯುತ್ತಿದ್ದಾರೆ ಎಂದು ಹೋದಳು.

ವರ್ಷಕ್ಕೊಮ್ಮೆ ಪ್ರಾಣಿಗಳನ್ನು ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ನೋಡಲು ಹೊರಗಿನ ಸಮಿತಿ ಬರುತ್ತದೆ. ಹತ್ತೊಂಬತ್ತು ವರ್ಷವೂ ಆ ಸಮಿತಿ ನೆಲ್ಲಿಯ ರ‍್ಯಾಕುಗಳನ್ನು ಹೊಗಳಿ ಹೋಗಿತ್ತು. ಈ ಸಲ ಅವರು ಫೈಲು ತೆರೆದರು. ಫೈಲಿಗೆ ಮಾತ್ರ ಎಂದಿದ್ದ ಪತ್ರ ಫೈಲಿನಲ್ಲೇ ಇತ್ತು, ಅದಕ್ಕೆ ಕಾಲು ಬಂದು ಎಲ್ಲಿಗೆ ಹೋಗುತ್ತದೆ? ತಪ್ಪನ್ನು ತಾನೇ ಒಪ್ಪಿ ಬರೆದುಕೊಟ್ಟ ಅಟೆಂಡರ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ ಎಂದು ಕೇಳಿದರು. ಯಾರೂ ಏನೂ ಕೈಗೊಂಡಿರಲಿಲ್ಲ, ಆದ್ದರಿಂದ ಅಲ್ಲಿಯೇ ಕೈಗೊಂಡರು. ಗುತ್ತಿಗೆ ಮುಂದಿನ ವರ್ಷಕ್ಕೆ ಹೊಸ ಮಾಡುವುದಿಲ್ಲ. ತಾರಾನಾಥರು ಅದೇ ಮೇಜಿನ ಬದಿಯಲ್ಲಿ ಕೂತಿದ್ದರು, ಬಾಯಿ ಬಿಡಲಿಲ್ಲ. ಇದೆಲ್ಲ ನೆಲ್ಲಿಗೆ ಹೇಳಿದವ ಆಫೀಸಿನ ಡೆನಿಸ್. ಅವಳ ಇಗರ್ಜಿಯವನೇ, ಕಾಗದ ಕೊಡಲಿಕ್ಕೆ ಬಂದವ.

"ಹತ್ತೊಂಬತ್ತು ವರ್ಷ ಆದ ಮೇಲೆ ಹೀಗೆ ಮಾಡಿಬಿಟ್ಟಿರಲ್ಲ ನೆಲ್ಲಿಬಾಯಿ," ಎಂದ ಡೆನಿಸ್. "ಸ್ವಲ್ಪ ನೋಡಿಕೊಂಡು ಹಾಕಬಾರದಿತ್ತಾ?"

ಅವನು ಪಾಪ ಮರುಕದಿಂದಲೇ ಹೇಳಿದ್ದು. ನೆಲ್ಲಿ ಕಾಗದ ತೆಗೆದುಕೊಂಡಳು. ನಿಜ ಹೇಳಿದರೆ ಚೈತಾಲಿಯ ಡಿಗ್ರಿಗೆ ಕುತ್ತು. ಹೇಳಿದರೂ ನಂಬುವವರು ಯಾರು, ಕೆಳಗೆ ಸಹಿ ಅವಳದ್ದೇ.

ಮುಂದಿನ ಆದಿತ್ಯವಾರಕ್ಕೆ ವಿಷಯ ಇಗರ್ಜಿಯ ಅಂಗಳಕ್ಕೆ ಬಂದಿತ್ತು. ಇಲಿ ಅದಲು ಬದಲು ಮಾಡಿದಳಂತೆ, ಲಕ್ಷಗಟ್ಟಲೆಯ ಪ್ರಯೋಗ ಹಾಳಾಯಿತಂತೆ, ವಯಸ್ಸಾಯಿತು ಪಾಪ, ಕಣ್ಣು ಕಾಣುವುದಿಲ್ಲವೋ ಏನೋ. ಅವಳ ಜಂಬದ ಮಾತು ಕೇಳಿ ಕೇಳಿ ಸಾಕಾದವರಿಗೆ ಈಗ ಬಡ್ಡಿ ಸಮೇತ ಸಿಕ್ಕಿತು. ನೆಲ್ಲಿ ಮೊದಲನೇ ಪೂಜೆಗೆ ಹೋಗಿ, ಕೊನೆಯ ಆಶೀರ್ವಾದಕ್ಕೂ ಕಾಯದೆ ಬರುವುದು ರೂಢಿ ಮಾಡಿಕೊಂಡಳು. ಮೀನಿನವಳ ಹತ್ತಿರ ಬಂಗುಡೆ ಎಷ್ಟು ಎಂದು ಕೇಳುವುದು ಬಿಟ್ಟರೆ ಬೇರೆ ಮಾತಿಲ್ಲ. ಚೈತಾಲಿಯಿಂದ ವಾಟ್ಸಾಪಿನಲ್ಲಿ ಒಂದು ಮೆಸೇಜು ಬಂತು, ಸಾರಿ ಆಂಟಿ, ಸರ್ ಹತ್ತಿರ ಮಾತಾಡ್ತೇನೆ, ಕೆಳಗೆ ಮುಗಿದ ಕೈಯ ಚಿತ್ರ. ಆಮೇಲೆ ಪುಣೆ. ಪೇಪರು ಪ್ರಿಂಟಾದ ದಿನ ಅದರ ಲಿಂಕು ಕೂಡ ಕಳಿಸಿದಳು. ಪಿಯುಸ್ ಕನ್ನಡಕ ಏರಿಸಿ ಫೋನಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹುಡುಕಿದ. ನೆಲ್ಲಿಯ ಹೆಸರು ಇರಲಿಲ್ಲ. ಇದ್ದದ್ದು ಒಂದು ಸಾಲು: ನಾಲ್ಕನೇ ಬ್ಯಾಚನ್ನು ಅಟೆಂಡರ ತಪ್ಪಿನಿಂದಾಗಿ ಕೈಬಿಡಲಾಗಿದೆ.

"ಹೆಸರು ಹಾಕಲಿಲ್ಲವಲ್ಲ, ಅದೊಂದು ಉಪಕಾರ," ಎಂದ ಪಿಯುಸ್. ನೆಲ್ಲಿಗೆ ನಗು ಬರಲಿಲ್ಲ.

ಏಳು ತಿಂಗಳು ಕಳೆದ ಮೇಲೆ ತಾರಾನಾಥರ ಫೋನು ಬಂತು. ನೆಲ್ಲಿ ಆಗ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅವರದ್ದು ಅದೇ ಮೆತ್ತಗಿನ ಸ್ವರ. ಆರೋಗ್ಯ ವಿಚಾರಿಸಿದರು, ಪಿಯುಸ್‌ನ ಹೊಟ್ಟೆ ವಿಚಾರಿಸಿದರು, ಆಮೇಲೆ ವಿಷಯಕ್ಕೆ ಬಂದರು. ಅನಿಮಲ್ ಹೌಸನ್ನು ಈಗ ಒಂದು ಏಜೆನ್ಸಿಗೆ ಕೊಟ್ಟಿದ್ದಾರೆ. ತಿಂಗಳಿಗೊಬ್ಬರು ಬರುತ್ತಾರೆ, ಹೋಗುತ್ತಾರೆ. ಕೇಜು ಉಳಿಸಲಿಕ್ಕೆ ಮರಿಗಳನ್ನು ಸಿಕ್ಕಿದಲ್ಲಿ ಸೇರಿಸುತ್ತಾರೆ, ಒಂದರ ಬಾಟಲಿ ಇನ್ನೊಂದಕ್ಕೆ, ಒಂದೇ ಗ್ಲೌಸಿನಲ್ಲಿ ನಾಲ್ಕು ರ‍್ಯಾಕು. ಹೊಸ ಗ್ರಾಂಟು ಬಂದಿದೆ, ಹಳೆಯ ಪ್ರಯೋಗವನ್ನೇ ಮೊದಲು ಮಾಡಿ ತೋರಿಸಬೇಕು, ಎಷ್ಟು ಸಲ ಮಾಡಿದರೂ ಎರಡು ತಳಿಗೂ ವ್ಯತ್ಯಾಸವೇ ಬರುವುದಿಲ್ಲ.

ನೆಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ಎಲ್ಲ ಕೇಳಿಸಿಕೊಂಡಳು. ಯಾಕೆ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅದನ್ನು ಮೊದಲು ಹೇಳಿದವಳು ಅವಳೇ.

"ನಿಮ್ಮ ಹಾಗೆ ಬೇರೆ ಬೇರೆ ಇಡುವ ಕೈ ಬೇರೆ ಯಾರಿಗೂ ಇಲ್ಲ ನೆಲ್ಲಿಬಾಯಿ. ಆರು ತಿಂಗಳಿಗೆ ಬನ್ನಿ ಸಾಕು. ಮೊದಲಿನ ಸಂಬಳಕ್ಕಿಂತ ಜಾಸ್ತಿ ಕೊಡಿಸ್ತೇನೆ."

ಏಳು ತಿಂಗಳಿನಿಂದ ಅವಳು ಕೇಳಬೇಕೆಂದು ಹಂಬಲಿಸಿದ ಮಾತು ಅದು. ಎಂಥ ಬಾಯಿಂದ, ಎಂಥ ಹೊತ್ತಿಗೆ ಬಂತು ನೋಡಿ.

"ಆ ಪತ್ರ ವಾಪಸು ಕೊಡ್ತೀರಾ ಸರ್?"

ಅದು ಜರ್ನಲ್ಲಿನವರಿಗೆ ಹೋಗಿ ಆಗಿದೆ, ಈಗ ತೆಗೆದರೆ ಪೇಪರೇ ಬಿದ್ದುಹೋಗುತ್ತದೆ, ಚೈತಾಲಿಯ ಡಿಗ್ರಿಯ ಪ್ರಶ್ನೆಯೂ ಬರುತ್ತದೆ, ಹಳೆಯದನ್ನೆಲ್ಲ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ ಎಂದರು.

"ಹಾಗಾದರೆ ನಾನು ಹೇಗೆ ಬರುವುದು ಸರ್? ನಾನು ಇಲಿ ಬೆರಕೆ ಮಾಡುವ ಹೆಂಗಸು. ಬರೆದದ್ದು ನೀವೇ ಅಲ್ವಾ."

ಅವರು ಇನ್ನೂ ಏನೋ ಹೇಳುತ್ತಿದ್ದರು. ನೆಲ್ಲಿ ಫೋನು ಕಟ್ ಮಾಡಿದಳು. ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಪಿಯುಸ್, ಭಾರಿ ಚೆನ್ನಾಗಿ ಕೊಟ್ಟೆ, ಹಾಗೆಯೇ ಆಗಬೇಕು ಎಂದ. ಅವನಿಗೆ ಸಮಾಧಾನವಾಗಿತ್ತು. ನೆಲ್ಲಿಗೆ ಆಗಲಿಲ್ಲ. ಹೋಗಬೇಕೆಂದು ಅವಳಿಗೆ ಜೀವ ಹಾತೊರೆಯುತ್ತಿತ್ತು. ಬಾಟಲಿ ಅದಲು ಬದಲಾದ ಆ ರ‍್ಯಾಕುಗಳನ್ನು ನೆನೆದರೆ ಈಗಲೇ ಬಸ್ಸು ಹತ್ತಬೇಕೆನಿಸುತ್ತಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕೆಲಸ ಹೋದ ದಿನ ಕೂಡ ಅಳದಿದ್ದವಳು ಕೂತು ಅತ್ತಳು.